ಗರಿ ಕಟ್ಟಿದ ಗಾಳ, ಹೊರಗೆ ಬಿದ್ದ ತಟ್ಟೆ

ಮೀನು ಹಿಡಿದು ತಿನ್ನುವವನನ್ನು ನಮ್ಮ ಕಡೆ ಯಾರೂ ಏನೂ ಕೇಳುವುದಿಲ್ಲ. ಹಿಡಿದು ವಾಪಸ್ ನೀರಿಗೆ ಬಿಡುವವನನ್ನು ಮಾತ್ರ ಕಂಡಕಂಡವರೆಲ್ಲ ನಿಲ್ಲಿಸಿ ವಿಚಾರಿಸುತ್ತಾರೆ. ನನ್ನ ವಿಚಾರಣೆ ಶುರುವಾಗಿ ವರ್ಷದ ಮೇಲಾಯಿತು, ಇನ್ನೂ ಮುಗಿದಿಲ್ಲ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ರೈತರು ಬೋರಿನ ಸುಟ್ಟ ಮೋಟರು ತಂದು ಹಾಕುತ್ತಾರೆ, ನಾನು ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಬೆಳಗಿನ ಚಹಾ ಇಲ್ಲ. ಮೊಟ್ಟೆ ಎಂಬ ಶಬ್ದವನ್ನು ನಮ್ಮವ್ವ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಲೇಬೇಕಾದರೆ ಬೆರಳು ಮಡಚಿ ದುಂಡಗೆ ತೋರಿಸುತ್ತಾಳೆ. ಇಂಥ ಮನೆಯವನಿಗೆ ಮೀನಿನ ಗೀಳು ಹಚ್ಚಿದವನು ಕೊಟ್ಟೂರು ಕಡೆಯ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಬಂದಿದ್ದ ಒಬ್ಬ ಎಂಜಿನಿಯರು. ಕೆಲಸ ಮುಗಿದು ಊರಿಗೆ ಹೋಗುವಾಗ ತನ್ನ ಗಾಳದ ಕೋಲನ್ನು ನನಗೆ ಕೊಟ್ಟುಹೋದ.

ಈ ಗಾಳಕ್ಕೆ ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಕೊಕ್ಕೆಗೆ ಗರಿ ಸುತ್ತಿ ಹುಳದ ಹಾಗೆ ಮಾಡಬೇಕು. ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ಗರಿಯ ಹುಳವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಮೀನು ಮೋಸಹೋಗಿ ಬಾಯಿ ಹಾಕುತ್ತದೆ. ಕೊಕ್ಕೆಯ ಒಳಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿರುತ್ತೇವೆ, ಹಾಗಾಗಿ ಬಿಡಿಸಿ ನೀರಿಗೆ ಬಿಟ್ಟರೆ ಬಾಲ ಬಡಿದು ಹೊರಟುಹೋಗುತ್ತದೆ. ಆಟ ಇಷ್ಟೇ. ಇಷ್ಟೇ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನಂಬಿದವರು ಒಬ್ಬರೂ ಇಲ್ಲ.

ಕರಿ ಕವರು

ಸುತ್ತಲಿಕ್ಕೆ ಸಣ್ಣ ತಂತಿ ನನ್ನ ಅಂಗಡಿಯಲ್ಲೇ ಇತ್ತು. ಗರಿ ಎಲ್ಲಿಂದ ತರುವುದು? ಹುಂಜದ ಕತ್ತಿನ ಗರಿಯಾದರೆ ಚೆನ್ನ ಎಂದು ಎಂಜಿನಿಯರು ಹೇಳಿದ್ದ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೋಳಿ ಅಂಗಡಿಯ ಮುಂದೆ ಹೋಗಿ ನಿಂತೆ. ಅಂಗಡಿಯವ ನನ್ನ ಹಣೆಯ ವಿಭೂತಿ ನೋಡಿ, ದಾರಿ ತಪ್ಪಿ ಬಂದಿದ್ದಾನೆಂದು ತಿಳಿದು, ಕಾಯಿಪಲ್ಲೆ ಅಂಗಡಿ ಆ ಕಡೆ ಎಂದು ಕೈ ತೋರಿಸಿದ.

ಕೋಳಿ ಬೇಡ, ಹುಂಜದ ಗರಿ ಬೇಕು ಎಂದೆ. ಅವನು ಅತ್ತಿತ್ತ ನೋಡಿ ದನಿ ಇಳಿಸಿ, ಯಾರಿಗೆ ಮಾಡಿಸುತ್ತಿದ್ದೀರಿ ಎಂದು ಕೇಳಿದ. ಮಾಟಕ್ಕಲ್ಲ ಮಾರಾಯ, ತಂತಿಯಿಂದ ಕೊಕ್ಕೆಗೆ ಸುತ್ತುವುದಕ್ಕೆ ಎಂದು ಬಿಡಿಸಿ ಹೇಳಿದೆ. ಹುಂಜದ ಗರಿ, ತಾಮ್ರದ ತಂತಿ, ಕೊಕ್ಕೆ, ಮೂರನ್ನೂ ಒಟ್ಟಿಗೆ ಕೇಳಿದ ಮೇಲೆ ಅವನು ಇನ್ನಷ್ಟು ಹೆದರಿದ. ಗರಿ ತುಂಬಿ ಕೊಡುತ್ತ, "ಬರೇ ಗರಿ ಕೇಳ್ಕೊಂಡು ನಿಮಗಿಂತ ಮೊದ್ಲು ಒಬ್ಬ ಬಂದಿದ್ದರಿ. ಅವಾ ಮಾಟಕ್ಕಂತ ಒಪ್ಕೊಂಡಿದ್ದ" ಎಂದ. ನನ್ನ ಮೇಲೆ ಅವನಿಗೆ ಆ ಮಾಟಗಾರನಿಗಿಂತ ಕಡಿಮೆ ವಿಶ್ವಾಸ.

ಅವನು ಕೊಟ್ಟದ್ದು ಕರಿ ಪ್ಲಾಸ್ಟಿಕ್ ಕವರಿನಲ್ಲಿ. ಆ ಅಂಗಡಿಯಿಂದ ಕರಿ ಕವರು ಹಿಡಿದು ಇಳಿದರೆ ಅದರೊಳಗೆ ಏನಿರುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎದುರು ಮನೆಯಾಕೆ ಅದೇ ಹೊತ್ತಿಗೆ ಆ ದಾರಿಯಲ್ಲಿ ಬಂದಳು, ನನ್ನನ್ನು ನೋಡಿದಳು, ಕವರನ್ನು ನೋಡಿದಳು, ಮಾತಾಡಿಸದೆ ಬಿರಬಿರನೆ ನಡೆದಳು. ನಾನು ಬೈಕಿನಲ್ಲಿ ಮನೆ ಮುಟ್ಟುವುದರೊಳಗೆ ಸುದ್ದಿ ನಡೆದುಕೊಂಡೇ ಮುಟ್ಟಿತ್ತು.

ನನ್ನ ಊಟದ ತಟ್ಟೆ, ಲೋಟ ಎರಡೂ ಅಡುಗೆಮನೆಯಿಂದ ಹೊರಬಿದ್ದು ಹಿತ್ತಲಿನ ನಳದ ಪಕ್ಕದ ಗೂಡಿನಲ್ಲಿ ಕೂತಿದ್ದವು. ಅದು ನನ್ನ ಮದುವೆಯಲ್ಲಿ ಬಂದ ತಟ್ಟೆ, ಹೆಸರು ಕೆತ್ತಿಸಿದ್ದು. ಅದನ್ನು ಅಲ್ಲಿ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಅವ್ವನ ಮುಂದೆ ಕವರನ್ನು ತಲೆಕೆಳಗು ಮಾಡಿ ಸುರಿದೆ. ಬರೀ ಗರಿ ಬಿದ್ದವು. ನೋಡು, ಇಷ್ಟೇ ಎಂದೆ.

ಅವ್ವ ಬಗ್ಗಿ ಕೈ ತಾಗಿಸದೆ ನೋಡಿದಳು. "ಗರಿ ಅದಾವ ಖರೇ. ಗರಿ ಇದ್ದ ಕೋಳಿ ಎಲ್ಲಿ ಹೋತು?"

ನೀರಿಲ್ಲದ ಹೊಲ

ಕೋಲು ಎಸೆದು ಬಂದರೆ ತಟ್ಟೆ ಒಳಗೆ ಬರುತ್ತದೆ ಎಂದು ಅವ್ವ ಕರಾರು ಹಾಕಿದಳು. ತಪ್ಪೇ ಮಾಡದೆ ಯಾಕೆ ಎಸೆಯಲಿ ಎಂದು ನನಗೆ ಹಟ. ಕೋಲು ಮನೆಯಲ್ಲಿರಬೇಕು, ತಟ್ಟೆಯೂ ಒಳಗೆ ಬರಬೇಕು. ಹೆಂಡತಿ ನನ್ನ ಕಡೆಯೂ ಅಲ್ಲ, ಅವ್ವನ ಕಡೆಯೂ ಅಲ್ಲ. ಊಟದ ಹೊತ್ತಿಗೆ, "ತಟ್ಟಿ ತಗೊಂಡು ಬರ್ರಿ" ಎಂದು ಹಿತ್ತಲ ಕಡೆ ಕೈ ತೋರಿಸುತ್ತಿದ್ದಳು, ಅಷ್ಟೇ.

ಆಗ ಬೇಸಿಗೆ, ಕೆರೆ ಬತ್ತಿತ್ತು. ದಾರ ಬೀಸುವುದು ಕೈಗೆ ಕೂರಲೆಂದು ಕೂಡ್ಲಿಗಿ ರಸ್ತೆಯ ಪಕ್ಕದ ಒಬ್ಬ ಗೆಳೆಯನ ಹೊಲಕ್ಕೆ ಹೋಗುತ್ತಿದ್ದೆ. ಶೇಂಗಾ ಕಿತ್ತು ಖಾಲಿ ಬಿದ್ದ ಹೊಲ. ಅಲ್ಲೊಂದು ಗುಂಡುಕಲ್ಲು, ಇಲ್ಲೊಂದು ಕಳ್ಳಿಗಿಡ, ಇವನ್ನೇ ಗುರಿ ಮಾಡಿಕೊಂಡು ಬೀಸುತ್ತಿದ್ದೆ. ಮೊದಮೊದಲು ಕೊಕ್ಕೆ ನನ್ನ ಅಂಗಿಯನ್ನೇ ಹಿಡಿಯುತ್ತಿತ್ತು.

ಕುರಿ ಮೇಯಿಸುವವನೊಬ್ಬ ಬಂದು ಕೋಲೂರಿ ನಿಂತ. ಏನು ಹಿಡಿಯುತ್ತಿದ್ದೀರಿ ಎಂದು ಕೇಳಿದ. ಮೀನು ಎಂದೆ. ಅವನು ಹೊಲ ನೋಡಿದ, ಆಕಾಶ ನೋಡಿದ, ಆಮೇಲೆ ಕುರಿಗಳನ್ನು ನನ್ನಿಂದ ಅಷ್ಟು ದೂರ ಹೊಡೆದ. ತಾನು ಮಾತ್ರ ಜಾಲಿ ಗಿಡದ ಕೆಳಗೆ ಕೂತು ನನ್ನ ಗಾಳ ಎಲ್ಲೆಲ್ಲಿ ಬೀಳುತ್ತದೆ ಎಂದು ಕಣ್ಣು ಕೀಲಿಸಿ ನೋಡಿದ. ಕಲಿಯುವ ಆಸೆ ಇರಬಹುದೆಂದು ನಾನು ಇನ್ನೂ ಚೆನ್ನಾಗಿ ಬೀಸಿ ತೋರಿಸಿದೆ.

ಮರುದಿನ ಹೋದರೆ ಗುಂಡುಕಲ್ಲು ಉರುಳಿಬಿದ್ದಿತ್ತು. ಅದಿದ್ದ ಜಾಗದಲ್ಲಿ ಮೊಳಕಾಲು ಆಳದ ಗುಂಡಿ. ಕಳ್ಳಿಗಿಡದ ಬುಡ ಅಗೆದಿತ್ತು. ನನ್ನ ಗಾಳ ಮುಟ್ಟಿದ ಒಂದು ಜಾಗವನ್ನೂ ಬಿಟ್ಟಿರಲಿಲ್ಲ. ನಮ್ಮ ಸೀಮೆಯಲ್ಲಿ ಹಳೇ ಅರಸರು ಹೂತಿಟ್ಟ ನಿಧಿಯ ಆಸೆಗೆ ಗುಡಿ, ಬೆಟ್ಟ, ಬಾವಿ ಏನನ್ನೂ ಅಗೆಯದೆ ಉಳಿಸಿಲ್ಲ, ಈಗ ಸರದಿ ನನ್ನ ಗೆಳೆಯನ ಹೊಲಕ್ಕೂ ಬಂತು. ಗೆಳೆಯನಾದರೂ ಗುಂಡಿ ನೋಡಿ ಬೈಯುತ್ತಾನೆಂದುಕೊಂಡರೆ, ನನ್ನನ್ನು ಪಕ್ಕಕ್ಕೆ ಕರೆದು, ಹೊಲ ಯಾರದು ಅನ್ನುವುದು ನೆನಪಿರಲಿ ಎಂದಷ್ಟೇ ಹೇಳಿ ಹೋದ.

ಕುರಿಯವನು ಅದೇ ಜಾಲಿ ಗಿಡದ ಕೆಳಗೆ ಕೂತಿದ್ದ, ಮೈತುಂಬ ಮಣ್ಣು. ನಾನು ಕೋಲು ಬಿಚ್ಚುತ್ತಿದ್ದಂತೆ ಹತ್ತಿರ ಬಂದ. "ನಿನ್ನಿ ತೋರ್ಸಿದ ಕಡೀ ಏನೂ ಸಿಗಲಿಲ್ರಿ. ಇವತ್ತ ಸ್ವಲ್ಪ ನಿಗಾ ಇಟ್ಟು ಹಾಕ್ರಿ."

ಬೆಕ್ಕಿನ ಸಾಕ್ಷಿ

ಮಳೆ ಹಿಡಿದು ಕೆರೆಗೆ ನೀರು ಬಂದ ಮೇಲೆ ಭಾನುವಾರ ಭಾನುವಾರ ಕೆರೆ ಏರಿಯ ಮೇಲೆ ನಿಂತು ಗಾಳ ಹಾಕತೊಡಗಿದೆ. ಅವ್ವ ನನ್ನ ಬಾಯಿಮಾತು ನಂಬುವುದನ್ನು ಬಿಟ್ಟು ಬೆಕ್ಕನ್ನು ನಂಬಿದಳು. ಓಣಿಯಲ್ಲೊಂದು ಕಂದು ಬಣ್ಣದ ಬೆಕ್ಕು ಇತ್ತು. ನಾನು ಕೆರೆಯಿಂದ ಬಂದ ಕೂಡಲೇ ಅದನ್ನು ಕರೆದು ನನ್ನ ಮುಂದೆ ಬಿಡುತ್ತಿದ್ದಳು. ಬೆಕ್ಕು ಮೂಸಿದರೆ ತಿಂದಿದ್ದೇನೆ, ಮೂಸದಿದ್ದರೆ ಇಲ್ಲ, ಇದು ಅವಳ ಕಾನೂನು.

ಮೀನು ಮುಟ್ಟಿದ ಕೈಯನ್ನು ಬೆಕ್ಕು ಮೂಸದೆ ಬಿಡುತ್ತದೆಯೇ? ನಾನು ಸೋಪು ಹಚ್ಚಿದೆ, ಹುಣಸೆಹಣ್ಣು ತಿಕ್ಕಿದೆ, ನಿಂಬೆಹಣ್ಣು ಹಿಂಡಿದೆ. ಇದು ಉಪ್ಪಿನಕಾಯಿ ಹಾಕಿದ ಮೀನು ಎಂದುಕೊಂಡಿತೋ ಏನೋ, ಬೆಕ್ಕು ಇನ್ನೂ ಹತ್ತಿರ ಬಂತು. ಅವ್ವ ಪ್ರತಿ ಸಲವೂ ಸೊಸೆಯ ಕಡೆ ತಿರುಗಿ, ನೋಡಿದಿಯಾ ಎಂಬಂತೆ ತಲೆ ಆಡಿಸುತ್ತಿದ್ದಳು.

ಒಂದು ಭಾನುವಾರ ಕೊಟ್ಟೂರಿನಿಂದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಂದಿದ್ದರು. ಅಲ್ಲಿ ಕಿರಾಣಿ ವ್ಯಾಪಾರ, ಊರಲ್ಲಿ ದೊಡ್ಡ ಮನುಷ್ಯರು. ನನ್ನ ಸುದ್ದಿ ಕೇಳಿ ನಡುಮನೆಯಲ್ಲಿ ಕೂತು ನನಗೆ ಕುಲ, ಆಚಾರ, ನಡೆ, ನುಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಳಿಯಂದಿರ ಎದುರಿಗೇ ಪರೀಕ್ಷೆ ಆಗಲಿ ಎಂದು ಬೆಕ್ಕನ್ನು ಕರೆದಳು.

ನಾನು ಅಂದು ಕೆರೆಗೆ ಹೋಗಿರಲಿಲ್ಲ, ತುರ್ತು ಮೋಟರೊಂದಿತ್ತು. ಧೈರ್ಯವಾಗಿ ಕೈ ಚಾಚಿದೆ. ಬೆಕ್ಕು ನನ್ನ ಕೈ ದಾಟಿತು, ಚಾಪೆ ದಾಟಿತು, ನೇರ ಭಾವನವರ ತೊಡೆ ಏರಿ ಕೂತು ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಭಾವ ಬಸ್ಸಿನ ಹೊತ್ತಾಯಿತು ಎಂದು ಎದ್ದರು.

ಅವರು ಹೋದ ಮೇಲೆ ಅವ್ವನ ಮುಖ ನೋಡಿದೆ. ಅವ್ವ ಗಂಭೀರವಾಗಿ ಹೇಳಿದಳು: "ಅಳಿಯಂದಿರು ಹಾಲು ಕುಡದಿದ್ದರು." ಅವರ ತಟ್ಟೆ ಇವತ್ತಿಗೂ ಒಳಗೇ ಇದೆ.

ಯಾರೂ ಇಲ್ಲದಾಗ ಬಿಡ್ರಿ

ಮನೆಯ ಕಾಟ ಇದಾದರೆ ಕೆರೆಯ ಕಾಟ ಬೇರೆ. ಆ ಕೆರೆಯ ಮೀನಿನ ಗುತ್ತಿಗೆ ಹಿಡಿದವನು ತೆಪ್ಪದವನು. ದೊಡ್ಡ ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ ಬಲೆ ಹಾಕುವವನು. ನಾನು ಗಾಳ ಹಾಕುವುದಕ್ಕೆ ಅವನ ತಕರಾರಿರಲಿಲ್ಲ. ಹಿಡಿದದ್ದನ್ನು ಬಿಟ್ಟದ್ದು ನೋಡಿದ ದಿನ ಮಾತ್ರ ತೆಪ್ಪವನ್ನು ದಡಕ್ಕೆ ತಂದು ನಿಲ್ಲಿಸಿದ.

ಅದಕ್ಕೆ ರೋಗವಿತ್ತೇ ಎಂದು ಕೇಳಿದ. ಇಲ್ಲ ಎಂದೆ. ಮತ್ತೆ ಮೀನಿನಲ್ಲಿ ಏನು ಕಂಡಿರಿ ಎಂದ. ಏನೂ ಕಾಣಲಿಲ್ಲ, ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ ಎಂದೆ. ಚೆನ್ನಾಗಿದ್ದದ್ದನ್ನು ಬಿಡುತ್ತಾರೆಯೇ? ಅವನ ಅನುಮಾನ ಗಟ್ಟಿಯಾಯಿತು. ನಾನೇನೋ ಸೂಜಿ ಚುಚ್ಚಿ ಬಿಡುತ್ತಿದ್ದೇನೆ ಎಂದು ಬಗೆದು ನನ್ನ ಚೀಲ ತೆಗೆಸಿ ನೋಡಿದ. ಒಳಗೆ ಗರಿ ಕಂಡು ಎರಡು ಹೆಜ್ಜೆ ಹಿಂದೆ ಸರಿದ.

ಮುಂದಿನ ವಾರ ಸಂತೆಯಲ್ಲಿ ಅವನ ಮೀನಿನ ಬುಟ್ಟಿಯ ಮುಂದೆ ಜನವಿಲ್ಲ. ಹಿಡಿದವನೇ ಮುಖ ತಿರುಗಿಸಿ ವಾಪಸ್ ಬಿಡುವಂಥ ಮೀನಂತೆ ಆ ಕೆರೆಯದು ಎಂದು ಮಾತು ಹಬ್ಬಿತ್ತು. ಅವನು ನೇರ ನನ್ನ ಅಂಗಡಿಗೆ ಬಂದ. ಸಿಟ್ಟಿರಲಿಲ್ಲ, ಕಳಕಳಿ ಇತ್ತು. "ಅಣ್ಣಾರ, ತಿನ್ನೂದಾದ್ರ ಎಲ್ಲಾರೂ ಇದ್ದಾಗ ತಿನ್ರಿ. ಬಿಡೂದಾದ್ರ ಯಾರೂ ಇಲ್ದಾಗ ಬಿಡ್ರಿ."

ಹೊಸ ನೀರು

ನನ್ನ ಸ್ಥಿತಿ ನೋಡಿ. ಬಿಡುವುದನ್ನು ಯಾರಾದರೂ ನೋಡದೆ ನನ್ನ ತಟ್ಟೆ ಒಳಗೆ ಬರುವುದಿಲ್ಲ. ಯಾರಾದರೂ ನೋಡಿದರೆ ತೆಪ್ಪದವನ ವ್ಯಾಪಾರ ಉಳಿಯುವುದಿಲ್ಲ. ಈ ವರ್ಷ ಮೊದಲ ಮಳೆಗೆ ಕೆರೆಗೆ ಹೊಸ ನೀರು ಬಂದಾಗ ಅವನೇ ಒಂದು ದಾರಿ ಹುಡುಕಿದ. ನನ್ನನ್ನು ತೆಪ್ಪದಲ್ಲಿ ಕೆರೆಯ ನಡುವಿಗೆ ಒಯ್ಯುತ್ತಾನೆ, ಅಲ್ಲಿ ಎಷ್ಟು ಬೇಕಾದರೂ ಹಿಡಿದು ಬಿಡಬಹುದು, ದಡದವರಿಗೆ ಕಾಣುವುದಿಲ್ಲ. ನಾನು ಸಾಕ್ಷಿಗೆ ಒಬ್ಬರು ಬರಬೇಕು ಎಂದೆ. ಮನೆಯವರಾದರೆ ಅಡ್ಡಿಯಿಲ್ಲ ಎಂದ.

ಅವ್ವ ಸೊಸೆಯನ್ನೇ ಕಳಿಸಿದಳು. "ನೀನ ಹೋಗಿ ಕಣ್ಣಾರೆ ನೋಡಿ ಬಾ. ಬಿಡೂದು ಖರೇ ಆದ್ರ ತಟ್ಟಿ ಒಳಗ ತರ್ತೀನಿ." ಕೆರೆ ದಂಡೆಯಲ್ಲಿ ಹೆಂಡತಿ ಮೊದಲು ನನ್ನ ಚೀಲ, ಆಮೇಲೆ ಜೇಬು ತಡಕಿದಳು. ಏನು ಹುಡುಕುತ್ತೀ ಎಂದರೆ, ಉಪ್ಪು, ಖಾರದಪುಡಿ, ಕಡ್ಡಿಪೆಟ್ಟಿಗೆ ಎಂದಳು.

ತೆಪ್ಪದವನು ತೆಪ್ಪದ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ, ನೀರಿಗೆ ಹೂ ಬಿಟ್ಟು, ಗಂಗಮ್ಮನ ಹೆಸರಿನಲ್ಲಿ ಕಾಯಿ ಒಡೆದ. ನಮ್ಮನ್ನು ಹತ್ತಿಸಿಕೊಂಡ ಮೇಲೆ ಒಂದು ಮಾತು ಹೇಳಿದ. ಹೊಸ ನೀರಿನ ಮೊದಲ ಮೀನನ್ನು ಮಾತ್ರ ವಾಪಸ್ ಬಿಡುವಂತಿಲ್ಲ. ಅದು ಯಾರ ಕೈಗೆ ಬಂತೋ ಅವರ ಮನೆಯ ಹೊಸ್ತಿಲು ದಾಟಬೇಕು. ಗಂಗಮ್ಮ ಕೊಟ್ಟದ್ದನ್ನು ಮುಖಕ್ಕೆ ವಾಪಸ್ ಮಾಡಿದರೆ ವರ್ಷವಿಡೀ ಬಲೆ ಖಾಲಿ. ಎರಡನೆಯದರಿಂದ ನಿಮ್ಮಿಷ್ಟ ಎಂದ.

ಮೊದಲನೆಯದು ನೀನೇ ಹಿಡಿ ಎಂದು ಅವನಿಗೇ ಹೇಳಿದೆ. ಅವನು ಬಲೆ ಬೀಸಿದ, ಕಸ ಬಂತು. ಮತ್ತೆ ಬೀಸಿದ, ಒಂದು ಹರಕು ಚಪ್ಪಲಿ ಬಂತು. ಈಗ ನೀವು ಹಾಕಿರಿ ಎಂದು ಕೂತುಬಿಟ್ಟ. ಮೀನು ಬೀಳದಿರಲಿ ಎಂದು ಬೇಡಿಕೊಂಡು ಗಾಳ ಹಾಕಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಬೇಕೆಂದೇ ದಾರವನ್ನು ಸೊಟ್ಟಗೆ ಬೀಸಿದೆ, ಗರಿಯನ್ನು ಪಟ್ಟನೆ ನೀರಿಗೆ ಬಡಿದೆ, ಮೀನು ಬಂದ ಸುಳಿವು ಸಿಕ್ಕ ಕಡೆಯೆಲ್ಲ ಬಿಟ್ಟು ಬೇರೆ ಕಡೆ ಹಾಕಿದೆ.

ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಖ ಬದಲಾಯಿತು. "ಅಲ್ಲರಿ, ನಿಮಗ ಹಿಡಿಯಾಕ ಬರಂಗೇ ಇಲ್ಲ. ಹಂಗಾರ ಐತಾರ ಐತಾರ ನೀವು ಎಲ್ಲಿಗೆ ಹೋಗತಿದ್ರಿ?"

ಮೀನು ತಿಂದ ಅನುಮಾನ ಎಷ್ಟೋ ವಾಸಿಯಿತ್ತು. ನಾನು ತಡಬಡಿಸಿ ಏನೋ ಹೇಳಹೋದೆ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕೊಡಿರಿ ಇಲ್ಲಿ, ಇದರಲ್ಲಿ ಏನು ಮೋಸ ಇದೆ ನೋಡುತ್ತೇನೆ ಎಂದು ಕೋಲು ಕಿತ್ತುಕೊಂಡಳು. ಅವಳು ರೈತರ ಮನೆ ಮಗಳು, ಜೋಳದ ಹೊಲದಲ್ಲಿ ಗುಬ್ಬಿ ಓಡಿಸಲು ಕವಣೆ ಬೀಸಿದ ಕೈ. ಒಂದೇ ಸಲ ಬೀಸಿದಳು. ಗರಿ ಹುಳದ ಹಾಗೆ ತೇಲಿ ಇಳಿಯಿತು. ನೀರು ಬುಳುಕ್ ಎಂದಿತು, ಕೋಲು ಬಿಲ್ಲಿನಂತೆ ಬಾಗಿತು.

ಅವಳು ಎದ್ದು ನಿಂತಳು, ತೆಪ್ಪ ಬುಗುರಿಯ ಹಾಗೆ ತಿರುಗಿತು. ನಾನು ಅವಳ ಸೆರಗು ಹಿಡಿದು ಕೂತೆ, ತೆಪ್ಪದವನು ನನ್ನನ್ನು ಹಿಡಿದ. ಅವಳಿಗೆ ನಾವಿಬ್ಬರೂ ಇದ್ದೇವೆ ಎಂಬ ನೆನಪಿರಲಿಲ್ಲ. ಮದುವೆಯಾದಾಗಿನಿಂದ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ, ನೋಡಿ ನನಗೂ ಖುಷಿಯಾಯಿತು. ಅಂಗೈ ಅಗಲದ ಮೀನು ಮೇಲೆ ಬಂತು. ಅದರ ಬಾಯಿ ತೆರೆದು ಮುಚ್ಚುವುದನ್ನು ನೋಡಿ, ಅಯ್ಯ ಪಾಪ ಎಂದವಳೇ, ನಾವು ಬೇಡ ಎನ್ನುವುದರೊಳಗೆ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟಳು.

ತೆಪ್ಪದವನು ತಲೆಯ ಮೇಲೆ ಕೈ ಹೊತ್ತ. "ಅಕ್ಕಾರ, ನನ್ನ ವರ್ಷದ ಅನ್ನಾನ ನೀರಿಗೆ ಬಿಟ್ರಿ." ತೆಪ್ಪವನ್ನು ನೇರ ದಡಕ್ಕೆ ತಿರುಗಿಸಿದ.

ನನಗೆ ಅವನ ಮೇಲೆ ಕನಿಕರವಿತ್ತು, ಆದರೆ ನನ್ನ ಲೆಕ್ಕದಲ್ಲಿ ಕೆಲಸ ಆಗಿತ್ತು. ಹೆಂಡತಿ ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತು, ಅಲ್ಲಿ ತಿನ್ನುವುದು ಗಿನ್ನುವುದು ಏನೂ ಇಲ್ಲ, ಹಿಡಿಯುವುದು ಬಿಡುವುದು ಅಷ್ಟೇ, ನಾನೇ ಕಣ್ಣಾರೆ ನೋಡಿದೆ ಎಂದು ಸಾಕ್ಷಿ ಹೇಳಿದಳು. ಅವ್ವ ಹಿತ್ತಲಿಗೆ ಹೋದಳು. ನನ್ನ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ಸೆರಗಿನಲ್ಲಿ ಒರೆಸುತ್ತ ನಡುಮನೆಯವರೆಗೆ ತಂದಳು. ಅಡುಗೆಮನೆಯ ಬಾಗಿಲು ಇನ್ನೆರಡು ಮಾರು.

ಅಷ್ಟರಲ್ಲಿ ತಲೆಬಾಗಿಲಲ್ಲಿ ಯಾರೋ ಕೂಗಿದರು. ತೆಪ್ಪದವನು. ಮಿಂದು ಒದ್ದೆ ಮೈಯಲ್ಲೇ ಬಂದಿದ್ದ, ಕೈಯಲ್ಲಿ ಮುತ್ತುಗದ ಎಲೆ, ಎಲೆಯ ಮೇಲೆ ಮೀನು. ಹಿಂದೆ ಎದುರು ಮನೆಯಾಕೆ, ಅವಳ ಹಿಂದೆ ಅರ್ಧ ಓಣಿ, ಎಲ್ಲರ ಕಾಲ ಸಂದಿಯಲ್ಲಿ ಆ ಕಂದು ಬೆಕ್ಕು.

"ಅಮ್ಮಾ, ತಪ್ಪು ತಿಳಿಬ್ಯಾಡ್ರಿ. ನಿಮ್ಮ ಸೊಸಿ ಹಿಡದ ಮೊದಲ ಮೀನಿನ ಬದಲಿ ಇದು. ನಿಮ್ಮ ಹೊಸ್ತಿಲಾ ದಾಟಿಸಿ ಒಯ್ತೀನಿ, ಇಲ್ಲಾಂದ್ರ ನನ್ನ ಬಲಿಗೆ ಏನೂ ಬೀಳಂಗಿಲ್ಲ" ಎಂದು, ಯಾರಾದರೂ ಹೂಂ ಎನ್ನುವುದರೊಳಗೆ ಎಲೆಯನ್ನು ಹೊಸ್ತಿಲ ಒಳಗೆ ಚಾಚಿ, ಕಣ್ಣು ಮುಚ್ಚಿ ಏನೋ ಬೇಡಿಕೊಂಡು, ಹಿಂದಕ್ಕೆ ತೆಗೆದುಕೊಂಡ. ಕೈ ಮುಗಿದು, ಈಗ ಸಮಾಧಾನವಾಯಿತು ಎಂದು ಹೊರಟುಹೋದ. ಬೆಕ್ಕು ಹೊಸ್ತಿಲನ್ನು ಮೂಸಿ ಅಲ್ಲೇ ಕೂತಿತು.

ಅವ್ವ ತಟ್ಟೆ ಹಿಡಿದುಕೊಂಡೇ ಸೊಸೆಯ ಕಡೆ ತಿರುಗಿದಳು. "ನೀ ಹಿಡದೀ?"

ಹೆಂಡತಿ ಸುಳ್ಳು ಹೇಳುವವಳಲ್ಲ. "ಹಿಡದ್ನಿರಿ ಅತ್ತೀ. ಆದ್ರ ಬಿಟ್ನಿರಿ."

"ಬಿಟ್ಟೆ ಅಂತ ಅವನೂ ಅಂತಾನ" ಎಂದು ಅವ್ವ ಹಿತ್ತಲಿಗೆ ವಾಪಸ್ ನಡೆದಳು.

ಊಟದ ಹೊತ್ತಿಗೆ ತಟ್ಟೆ ತರಲು ಇಬ್ಬರೂ ಹಿತ್ತಲಿಗೆ ಹೋದೆವು. ಗೂಡಿನಲ್ಲಿ ನನ್ನ ತಟ್ಟೆಯ ಪಕ್ಕಕ್ಕೆ ಅವಳದೂ ಕೂತಿತ್ತು, ಅದೂ ಅದೇ ಮದುವೆಯದು, ಅವಳ ಹೆಸರು ಕೆತ್ತಿಸಿದ್ದು. ಅವಳು ಅತ್ತೇಬಿಡುತ್ತಾಳೆಂದು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ಎರಡೂ ತಟ್ಟೆ ಕೈಗೆತ್ತಿಕೊಂಡು, ಒಳಗೆ ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

"ಹೆಂಗೂ ತಟ್ಟಿ ಹೊರಗ ಬಿದ್ದಾವ. ಬರೂ ಐತಾರ ಎಷ್ಟೊತ್ತಿಗೆ ಹೊರಡೂದ್ರಿ?"